ಪಡಸಾಲೆಯಲ್ಲಿ ಚಿನ್ನಾಂಬೆ

ಟಕ್ ಎಂದಿತು, ಮತ್ತೆ ಟಕ್ — ಲಾಳ ಬಿದ್ದ ಕಡೆ ಟೈಲ್ಸು ಬಿರುಕು ಬಿಟ್ಟಿತೇನೋ ಎಂದು ಚಿಕ್ಕಯ್ಯ ಬಗ್ಗಿ ನೋಡಿದ, ಇಲ್ಲ, ಎಲ್ಲಿ ಬಿಟ್ಟೀತು, ಪಟ್ಟದ ಕುದುರೆಯ ವಂಶದವಳು ಕಾಲಿಟ್ಟರೆ ನೆಲ ತಾನೇ ಮೈ ಬಿಗಿ ಮಾಡಿಕೊಳ್ಳುತ್ತೆ, ಗೋಣಿತಾಟು ಹಾಸಿದ್ದು ಜಾರದಿರಲಿ ಅಂತ, ಆದರೆ ಈ ಚಿನ್ನಾಂಬೆಗೆ ಗೋಣಿಯೆಂದರೆ ಅಲಕ್ಷ್ಯ, ಹೊಳೆಯುವ ಕಡೆಗೇ ಹೆಜ್ಜೆ, ನೆಲದಲ್ಲಿ ತನ್ನ ಮುಖ ಕಾಣುತ್ತೇನೋ ಅಂತ ಬಗ್ಗುತ್ತಾಳೆ, ಮೂಸುತ್ತಾಳೆ, ಹೊಸ ಬಣ್ಣದ ವಾಸನೆಗೆ ಸೀನುತ್ತಾಳೆ — ಆ ಸೀನಿಗೆ ಬೆಟ್ಟದ ಮೇಲಿನ ನಂದಿಯೇ ಒಂದು ಸಲ ಕತ್ತು ತಿರುಗಿಸಿರಬೇಕು. ಬಾಲ ಅಡುಗೆಮನೆಯ ಕಡೆಗೆ, ಮುಖ ಬೀದಿಬಾಗಿಲಿಗೆ, ಪಡಸಾಲೆ ಪೂರ್ತಿ ಅವಳೇ, ಮಿಕ್ಕ ಜಾಗದಲ್ಲಿ ಚಿಕ್ಕಯ್ಯ, ಗೋಡೆಗೆ ಒರಗಿ ಕುಕ್ಕರಗಾಲಲ್ಲಿ, ಬಾಗಿಲಿನ ಮೇಲಿನ ಅಗುಳಿ ಹಾಕಿದ್ದಾನೆ, ಕೆಳಗಿನದೂ ಹಾಕಿದ್ದಾನೆ, ದಿನಾ ಬಾಡಿಗೆಗೆ ಹೂಡುವ ಟಾಂಗಾದ ನೊಗವನ್ನೂ ತಂದು ಅಡ್ಡ ಕೊಟ್ಟಿದ್ದಾನೆ, ಟಿಪ್ಪೂ ಕಾಲದ ಕೋಟೆಗೂ ಇಷ್ಟು ಬಂದೋಬಸ್ತು ಇರಲಿಲ್ಲ, ಬರಲಿ, ಮನೆ ಯೋಜನೆ ಆಫೀಸಿನವರು ಬರಲಿ, ಬೀಗ ತರಲಿ, ಅರಗು ತರಲಿ, ಮೊಹರು ತರಲಿ, ಉಸಿರಾಡುವ ಜೀವ ಒಳಗಿರುವ ಮನೆಗೆ ಹೇಗೆ ಸೀಲು ಹಾಕುತ್ತಾರೋ ನೋಡೇಬಿಡುವಾ, ಅದೂ ಎಂಥ ಜೀವ, ಇಡೀ ಬಡಾವಣೆಯ ಗಾಳಿಯನ್ನೆಲ್ಲ ಒಂದೇ ಮೂಗಿನಲ್ಲಿ ಎಳೆದುಕೊಳ್ಳುವ ಜೀವ. ಕುದುರೆ ಇರಕೂಡದು, ಇದ್ದರೆ ಮನೆ ವಾಪಸ್ಸು, ಇವತ್ತೇ ಕೊನೆ — ಹೇಳಿದ್ದಾರೆ, ಹೇಳಲಿ, ಹೇಳುವುದಕ್ಕೆ ಏನು, ಬಾಯಿಗೆ ಲಗಾಮಿದೆಯೆ. ಆದರೆ ಬೋರಮ್ಮ ಹೇಳಿದ್ದು ಬೇರೆ, ಅದು ಕಿವಿಯಲ್ಲಿ ಲಾಳದ ಮೊಳೆಯ ಹಾಗೆ ಕೂತಿದೆ, ಬೆಳಗ್ಗೆ ಹೂವಿನ ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ಮಾರ್ಕೆಟ್ಟಿಗೆ ಹೊರಟವಳು ಹೊಸಿಲು ದಾಟುವ ಮುಂಚೆ ತಿರುಗಿ, ನೋಡು, ನಾನ್ ತಿರ್ಗಾ ಬರೋವೊತ್ಗೆ ಇಲ್ಲಿ ಆ ಕುದ್ರೆ ಇರ್ಬೇಕು ಇಲ್ಲಾ ನಾನಿರ್ಬೇಕು, ಅಂದಳು, ಅಂದು ಹೋಗಿಬಿಟ್ಟಳು, ಕೂಗಾಡಿದ್ದರೆ ಚೆನ್ನಾಗಿತ್ತು, ಬೋರಮ್ಮ ಕೂಗಾಡಿದರೆ ಅರ್ಧ ಮೈಸೂರು ಎದ್ದು ಕೂರುತ್ತೆ, ಇವತ್ತು ಮೆಲ್ಲಗೆ ಹೇಳಿದಳು, ಮೆಲ್ಲಗೆ ಹೇಳಿದ್ದನ್ನು ಅವಳು ಯಾವತ್ತೂ ತಪ್ಪಿದವಳಲ್ಲ.

ಅವಳದೇನು ತಪ್ಪು, ಇಲ್ಲ, ತಪ್ಪಿಲ್ಲ, ಲಷ್ಕರ್ ಮೊಹಲ್ಲಾದ ಆ ವಠಾರದಲ್ಲಿ ಮದುವೆಯಾಗಿ ಬಂದಾಗಿನಿಂದ ಇದ್ದವಳು, ಕೋಣೆ ಎಂದರೆ ಕೋಣೆಯೆ ಅದು, ಒಬ್ಬರು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬರು ಎದ್ದು ಬೀದಿಗೆ ಹೋಗಬೇಕು, ಕಾಲು ಚಾಚಿದರೆ ಎದುರುಮನೆಯವರ ಸಾರಿನ ಪಾತ್ರೆಯಲ್ಲಿ ಹೆಬ್ಬೆರಳು, ವಠಾರಕ್ಕೆಲ್ಲ ಒಂದೇ ನಲ್ಲಿ, ಅದರಲ್ಲಿ ನೀರು ಬರುವುದಕ್ಕಿಂತ ಬೈಗುಳ ಜಾಸ್ತಿ ಬರುತ್ತಿತ್ತು, ಚಿನ್ನಾಂಬೆ ಗುಜರಿ ಅಂಗಡಿಯ ಹಿಂದೆ ತುಕ್ಕು ಹಿಡಿದ ತಗಡಿನ ಕೆಳಗೆ, ಮಳೆ ಬಂದರೆ ಚಿಕ್ಕಯ್ಯ ಹೋಗಿ ತನ್ನ ಕಂಬಳಿ ಅವಳಿಗೆ ಹೊದಿಸಿ ಬರುತ್ತಿದ್ದ, ಬೋರಮ್ಮ, ಅವ್ಳನ್ನೇ ಕಟ್ಕೊಬೇಕಾಗಿತ್ತು ನೀನು, ಅನ್ನುತ್ತಿದ್ದಳು, ಅಂದರೂ ನೆನೆಸಿದ ಹುರುಳಿಯ ಪಾತ್ರೆಗೆ ಒಂದು ಚೂರು ಬೆಲ್ಲ ಹಾಕಿಯೇ ಕೊಡುತ್ತಿದ್ದಳು. ಆಮೇಲೆ ಬಂತು ಈ ಮನೆ ಯೋಜನೆ. ಸಾಲ ತೀರಿಸಲಾರದವರ ಮನೆಗಳು ಬ್ಯಾಂಕಿನ ಕೈ ಸೇರಿ, ಹರಾಜು ಕೂಗಿದರೂ ಯಾರೂ ಕೊಳ್ಳದೆ, ತಾರಸಿಯ ಮೇಲೆ ಅರಳಿಗಿಡ ಹುಟ್ಟಿಸಿಕೊಂಡು ಬೀದಿಬೀದಿಯಲ್ಲಿ ಮುಚ್ಚಿದ ಕಣ್ಣಿನ ಹಾಗೆ ಬಿದ್ದಿದ್ದವಲ್ಲ, ಅಂಥವನ್ನು ಸರ್ಕಾರದವರೇ ಕೊಂಡು, ಸೋರುವುದನ್ನು ನಿಲ್ಲಿಸಿ, ಬಣ್ಣ ಬಳಿದು, ಸ್ವಂತ ಸೂರಿಲ್ಲದವರಿಗೆ ಚೀಟಿ ಎತ್ತಿ ಕೊಡುವುದು, ಕಂತು ವಠಾರದ ಬಾಡಿಗೆಗಿಂತ ಕಡಿಮೆ, ಇದನ್ನು ಕೇಳಿ ಮೈಸೂರಿನಲ್ಲಿ ಇಲ್ಲದವರೆಲ್ಲ ಬಂದರು, ಇದ್ದವರೂ ಇಲ್ಲದವರ ವೇಷ ಹಾಕಿಕೊಂಡು ಬಂದರು, ದಸರಾಕ್ಕೂ ಅಷ್ಟು ಜನ ಸೇರಿರಲಿಲ್ಲ, ಚೀಟಿಯಲ್ಲಿ ಚಿಕ್ಕಯ್ಯನ ಹೆಸರು ಕೂಗಿದಾಗ ಅವನು ಹಾರಿದ ಹಾರಿಕೆಗೆ ಪುರಭವನದ ಫ್ಯಾನಿಗೆ ರುಮಾಲು ಸಿಕ್ಕಿಕೊಂಡಿತು, ಬೇಕಾದರೆ ಕೇಳಿ ನೋಡಿ, ಇವತ್ತಿಗೂ ಅಲ್ಲೇ ಸುತ್ತುತ್ತಿದೆ. ಶ್ರೀರಾಂಪುರದಲ್ಲಿ ಮನೆ, ಎರಡು ಕೋಣೆ, ಪಡಸಾಲೆ, ಮುಂದೆ ಕಾರು ನಿಲ್ಲಿಸುವ ಶೆಡ್ಡು, ಅದೇ ಚಿನ್ನಾಂಬೆಯ ಲಾಯ, ಬೋರಮ್ಮ ಮೊದಲ ದಿನ ಬಚ್ಚಲಿಗೆ ಹೋದವಳು ಒಳಗಿನಿಂದ ಚಿಲಕ ಹಾಕಿಕೊಂಡಳು, ಹೊರಗೆ ಬರಲೇ ಇಲ್ಲ, ಚಿಕ್ಕಯ್ಯ ಹೆದರಿ ಬಾಗಿಲು ಬಡಿದ, ಒಳಗಿಂದ, ಇರು, ಯಾರೂ ಬಾಗ್ಲು ಬಡೀದೆ ಎಷ್ಟೊತ್ ನೀರುಯ್ಕೊಬೋದೋ ನೋಡ್ತಾವ್ನಿ, ಅಂದಳು, ಅವಳಿಗೆ ಹಾಡಲು ಬರುತ್ತೆ ಅಂತ ಆವತ್ತೇ ಚಿಕ್ಕಯ್ಯನಿಗೆ ಗೊತ್ತಾದದ್ದು, ಇಷ್ಟು ವರ್ಷ ಆ ಹಾಡೆಲ್ಲ ಎಲ್ಲಿತ್ತು, ನಲ್ಲಿಯ ಮುಂದಿನ ಸಾಲಿನಲ್ಲಿ ನಿಂತಿತ್ತೇನೋ — ಆ ಚಿಲಕ, ಆ ಬಚ್ಚಲು, ಅದನ್ನು ಅವಳಿಂದ ಕಿತ್ತುಕೊಳ್ಳುತ್ತಿದ್ದೀನಾ ನಾನು, ಥೂ, ಕಿತ್ತುಕೊಳ್ಳುವವರು ಅವರು, ನಾನಲ್ಲ, ಚಿನ್ನಾಂಬೆ, ಅತ್ತ ಬಾಲ ಬೀಸಬೇಡ, ಒಲೆಯ ಮೇಲೆ ಅವಳ ಎಸರಿದೆ.

ಬಾಯಿ, ಎಲ್ಲ ಈ ಬಾಯಿಂದ ಬಂದದ್ದು. ಬೀಗದ ಕೈ ಕೊಡುವ ದಿನ ಸುಮ್ಮನೆ ಬಸ್ಸಿನಲ್ಲಿ ಬಂದು ಕೈ ಚಾಚಿ ಇಸಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಕುದುರೆ ಇದೆ ಅಂತ, ಇಲ್ಲ, ಚಿಕ್ಕಯ್ಯನ ಗೃಹಪ್ರವೇಶ ಹಾಗೆ ಆಗುವುದುಂಟೆ, ಟಾಂಗಾಕ್ಕೆ ಬೋರಮ್ಮ ಮಾರ್ಕೆಟ್ಟಿನ ಸೇವಂತಿಗೆಯನ್ನೆಲ್ಲ ಕಟ್ಟಿದಳು, ಚಿನ್ನಾಂಬೆಯ ನೆತ್ತಿಗೆ ಕುಚ್ಚು, ಕೊರಳಿಗೆ ಗೆಜ್ಜೆ, ನಗರಪಾಲಿಕೆ ಸದಸ್ಯರನ್ನೂ ಯೋಜನೆಯ ಆಫೀಸರು ಮಾಲವಿಕಾ ಮೇಡಮ್ಮನ್ನೂ ಅಗ್ರಹಾರದ ಸರ್ಕಲ್ಲಿನಿಂದ ಕೂರಿಸಿಕೊಂಡು ಬಂದ, ದಾರಿಯುದ್ದಕ್ಕೂ ಜನ ಜಂಬೂಸವಾರಿ ಈ ಸಲ ಬೇಗ ಬಂತಾ ಅಂತ ಕೇಳಿದರು, ಮಾಲವಿಕಾ ಮೇಡಂ ಇಳಿದವರೇ ಚಿನ್ನಾಂಬೆಯ ಕತ್ತು ಸವರಿ, ಎಷ್ಟು ಮುದ್ದಾಗಿದಾಳೆ, ಅಂದರು, ಫೋಟೋ ತೆಗೆಸಿಕೊಂಡರು, ಆ ಫೋಟೋ ದೊಡ್ಡ ಬೋರ್ಡಾಗಿ ಆಫೀಸಿನ ಮುಂದೆ ನಿಂತಿತು, ಅದರಲ್ಲಿ ಸದಸ್ಯರ ಮುಖಕ್ಕಿಂತ ಚಿನ್ನಾಂಬೆಯ ಮುಖ ದೊಡ್ಡದು, ಕಳೆಯೂ ಅವಳದೇ ಜಾಸ್ತಿ, ಇವತ್ತಿಗೂ ಇದೆ ಬೋರ್ಡು, ಬೋರ್ಡಿನಲ್ಲಿ ಕುದುರೆ ಇರಬಹುದು ಮನೆಯಲ್ಲಿ ಇರಕೂಡದು, ಇದು ಯಾವ ನ್ಯಾಯ ತಾಯಿ ಅಂತ ಕೇಳಿದರೆ, ವಾಸದ ಮನೆ ಚಿಕ್ಕಯ್ಯನವರೇ, ಜಾನುವಾರು ಕಟ್ಟುವ ಹಾಗಿಲ್ಲ, ಅಕ್ಕಪಕ್ಕದವರು ದೂರು ಕೊಟ್ಟಿದಾರೆ, ಅಂತ. ಅಕ್ಕಪಕ್ಕ ಅಂದರೆ ಯಾರು, ಗಿರಿಜಾಂಬಾ ಅವರು, ಮಿಕ್ಕವರೆಲ್ಲ ಅವರು ಸಹಿ ಹಾಕಿದ ಮೇಲೆ ಹಾಕಿದವರು, ಪಕ್ಕದ ಮನೆ, ಹೆಡ್‌ಮಿಸ್ ಆಗಿ ನಿವೃತ್ತರಾದವರು, ಅವರೊಂದು ಸಲ ಕನ್ನಡಕದ ಮೇಲಿಂದ ನೋಡಿದರೆ ಬೀದಿನಾಯಿ ಕೂಡ ಸಾಲಾಗಿ ನಿಲ್ಲುತ್ತೆ, ನಮ್ಮ ತಾತ ಅರಮನೆ ಖಜಾನೆಯಲ್ಲಿದ್ದವರು ಕಣಪ್ಪ, ನಾವು ಕುದುರೆ ನೋಡದವರಲ್ಲ, ಆದರೆ ಕುದುರೆ ಲಾಯದಲ್ಲಿರಬೇಕು, ಪಕ್ಕದ ಮನೆಯಲ್ಲಲ್ಲ, ಅಂತಾರೆ, ಬೆಳಗ್ಗೆ ದೂರು ಕೊಟ್ಟು ಬಂದವರು ಸಂಜೆ ಕಾಂಪೌಂಡಿನ ಮೇಲಿಂದ ಬಕೀಟು ಇಳಿಬಿಡುತ್ತಾರೆ, ಒಂದಿಷ್ಟು ಲದ್ದಿ ಹಾಕಪ್ಪ ಗುಲಾಬಿಗೆ, ಚಿಕ್ಕಯ್ಯ ಹಾಕುತ್ತಾನೆ, ಒತ್ತಿ ಒತ್ತಿ ಹಾಕುತ್ತಾನೆ, ಆ ಗುಲಾಬಿಗಳು ಈಗ ಎಲೆಕೋಸಿನಷ್ಟು ದಪ್ಪ, ಒಂದು ಹೂವು ಮುಡಿದರೆ ಕತ್ತು ಉಳುಕುತ್ತೆ, ಆ ಗುಲಾಬಿಗೆ ಫಲಪುಷ್ಪ ಪ್ರದರ್ಶನದಲ್ಲಿ ಬಹುಮಾನ ಬಂದಾಗ ಚಿನ್ನಾಂಬೆಯ ಹೆಸರು ಯಾರೂ ಹೇಳಲಿಲ್ಲ. ಒಂದು ದಿನ ಅವನೂ ಬಿಡಲಿಲ್ಲ, ಅಮ್ಮಾವ್ರೆ, ನಿಮ್ಮ ಮಗಳ ಮನೆ ಒಕ್ಕಲಿನ ದಿವ್ಸ ಹಸ ಒಳಿಕ್ಕೆ ಓಡುಸ್ಕೊಂಡ್ ಓದ್ರಲ್ಲ, ದೇವರಮನೆ ಗಂಟ ಓಯ್ತಲ್ಲ, ಅಮೃತಶಿಲೆ ಮ್ಯಾಲೇ ಗಂಜ್ಲ ಉಯ್ತಲ್ಲ, ನೀವೆಲ್ಲ ಬೊಗಸೇಲಿ ಇಡ್ಕೊಂಡ್ರಲ್ಲ, ಅಂದ, ಗಿರಿಜಾಂಬಾ, ಹಸು ದೇವರು ಕಣಪ್ಪ, ಅಂದರು, ಇವನು, ಆಯುಧಪೂಜೆ ದಿವ್ಸ ಅರಮನೇಲಿ ಕುದ್ರೆಗೂ ಮಂಗಳಾರತಿ ಎತ್ತಾರಲ್ಲ, ಅವತ್ತು ಅದು ಯಾರು, ಅಂದ, ಗಿರಿಜಾಂಬಾ ಕನ್ನಡಕ ತೆಗೆದು ಒರೆಸಿಕೊಂಡರು — ಹೆಡ್‌ಮಿಸ್ ಕನ್ನಡಕ ಒರೆಸಿದರು ಎಂದರೆ ಶ್ರೀರಂಗಪಟ್ಟಣ ಬಿದ್ದ ಹಾಗೆ — ಅದು ಪಟ್ಟದ ಕುದುರೆ, ಅಂದರು, ಇದು ಅದ್ರ ಮೊಮ್ಮಗಳು ಕಣವ್ವಾ, ಅಂದುಬಿಟ್ಟ, ಅಂದದ್ದು ಅಂದಾಯಿತು, ಈಗ ಅದೇ ನಿಜ, ಮದುವೆ ಮೆರವಣಿಗೆಯವನು ಕುಂಟುತ್ತೆ ಅಂತ ಮಾರಿದ ಮರಿ ಅನ್ನುವುದು ಯಾರಿಗೆ ಬೇಕು, ಕುಂಟು ವಾಸಿ ಮಾಡಿದವರು ಯಾರು, ಎಣ್ಣೆ ಹಾಕಿ ಕಾಲು ತಿಕ್ಕಿದವಳು ಬೋರಮ್ಮ, ಅವಳೇ ಈಗ ಕುದುರೆ ಇರಬೇಕು ಇಲ್ಲಾ ನಾನಿರಬೇಕು ಅನ್ನುತ್ತಾಳೆ. ಸೀಲಿನ ಗುಟ್ಟು ಹೇಳಿಕೊಟ್ಟವರೂ ಗಿರಿಜಾಂಬಾ ಅವರೇ, ಪಾಪ, ಹೇಳಿಕೊಡಬೇಕು ಅಂತ ಹೇಳಲಿಲ್ಲ, ಬಕೀಟು ತುಂಬುವ ತನಕ ಮಾತು ಬೇಕಲ್ಲ, ಈ ಮನೆ ಲಕ್ಷ್ಮೀನರಸಿಂಹ ಅಂತ ಪ್ರಿಂಟಿಂಗ್ ಪ್ರೆಸ್ ಇಟ್ಟವರದು, ಪ್ರೆಸ್ಸಿಗೆ ಸಾಲ ಮಾಡಿ ಮುಳುಗಿದರು, ಆಷಾಢ ಶುಕ್ರವಾರ ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋದರು, ನಾಯಿಯನ್ನೂ ಕಾರಿನಲ್ಲಿ ಹಾಕಿಕೊಂಡು ಹೋದರು ಕಣಪ್ಪ, ಬರುವ ಹೊತ್ತಿಗೆ ಬೀಗದ ಮೇಲೆ ಬೀಗ, ಅದರ ಮೇಲೆ ಅರಗು, ಗೇಟಿನ ಮುಂದೆ ಪ್ರಸಾದದ ಪೊಟ್ಟಣ ಹಿಡಿದುಕೊಂಡು ನಿಂತಿದ್ದರು, ಒಳಗೆ ಒಂದು ಜೀವ ಇದ್ದಿದ್ದರೆ ಸೀಲು ಹಾಕುತ್ತಿರಲಿಲ್ಲ, ಒಂದು ಬೆಕ್ಕನ್ನಾದರೂ ಬಿಟ್ಟು ಹೋಗಬಾರದಿತ್ತೆ — ಅಂದು ಗಿರಿಜಾಂಬಾ ಬಕೀಟು ಎತ್ತಿಕೊಳ್ಳದೆ ಗೇಟಿನ ಕಡೆಗೆ ನೋಡಿದರು, ಅವರಿಗೆ ಆ ಪ್ರಸಾದದ ಪೊಟ್ಟಣ ಕಾಣುತ್ತಿತ್ತೇನೋ, ಚಿಕ್ಕಯ್ಯನಿಗೂ ಕಂಡಿತು, ಗೋಡೆಗೆ ಎಷ್ಟು ಬಣ್ಣ ಬಳಿದರೂ ಬಿಸಿಲು ಓರೆಯಾಗಿ ಬಿದ್ದಾಗ ಅವರ ಪಟಗಳಿದ್ದ ಜಾಗ ಚೌಕಚೌಕವಾಗಿ ಏಳುತ್ತೆ, ಇಗೋ ಈಗಲೂ ಎದ್ದಿದೆ, ಚಿನ್ನಾಂಬೆ ಒಂದು ಚೌಕಕ್ಕೆ ಮೂಗು ಒತ್ತಿಕೊಂಡು ನಿಂತಿದ್ದಾಳೆ, ಯಾರ ಪಟವಿತ್ತೇ ಅಲ್ಲಿ, ಹೇಳೆ, ಪಾಪ ಅವರು ಮೆತ್ತನೆಯವರು, ನಿಂತು ಅತ್ತು ಹೋದರು, ನಾವು ಹಾಗಲ್ಲ, ಬೆಕ್ಕಲ್ಲ ಬಿಟ್ಟಿರುವುದು ನಾನು, ಬೆಟ್ಟವನ್ನೇ ತಂದು ಪಡಸಾಲೆಯಲ್ಲಿ ನಿಲ್ಲಿಸಿದ್ದೀನಿ.

ಜೀಪು. ಬಂತು, ಗೇಟಿನ ಕೊಂಡಿ ಕಿರ್ರೆಂದಿತು, ಬಾಗಿಲು ಬಡಿತ, ಚಿಕ್ಕಯ್ಯನವರೇ, ಮಾಲವಿಕಾ ಮೇಡಮ್ಮಿನ ದನಿ, ಜೇನುತುಪ್ಪದಲ್ಲಿ ಅದ್ದಿದ ಅಂಕುಶ, ಚಿಕ್ಕಯ್ಯ ಎದ್ದು ಬಾಗಿಲ ಪಕ್ಕದ ಕಿಟಕಿಯ ರೆಕ್ಕೆ ತೆಗೆದ, ಸರಳುಗಳ ಆಚೆ ಮೇಡಂ, ಅವರ ಹಿಂದೆ ಜವಾನ ನಂಜಯ್ಯ, ಒಂದು ಕೈಯಲ್ಲಿ ಮೇಣದ ಬತ್ತಿ ಇನ್ನೊಂದರಲ್ಲಿ ಕೆಂಪು ಅರಗಿನ ಕಡ್ಡಿ, ಕಾಂಪೌಂಡಿನ ಆಚೆ ಗಿರಿಜಾಂಬಾ ಅವರ ಕನ್ನಡಕ, ಕುದುರೆ ಎಲ್ಲಿ, ಶೆಡ್ಡಿನಲ್ಲಿಲ್ಲ, ಕಳಿಸಿದಿರಾ, ಒಳ್ಳೆಯದಾಯಿತು, ಅನ್ನುತ್ತಿದ್ದ ಮೇಡಂ ಕಿಟಕಿಯೊಳಗೆ ಇಣುಕಿದರು, ಚಿನ್ನಾಂಬೆಯೂ ಅದೇ ಹೊತ್ತಿಗೆ ಯಾರಪ್ಪಾ ಅಂತ ಇಣುಕಿದಳು, ಎರಡು ಮೂಗಿನ ನಡುವೆ ಒಂದು ಸರಳು, ಮೇಡಂ ಹಿಂದಕ್ಕೆ ಹಾರಿದ ಹಾರಿಕೆಗೆ ನಂಜಯ್ಯನ ಬತ್ತಿ ಆರಿಹೋಯಿತು. ಏನಿದು ಚಿಕ್ಕಯ್ಯನವರೇ, ಮನೆಯೊಳಗೆ. ಮನೆಯೋಳು ಮನೆಯೊಳ್ಗವ್ಳೆ ತಾಯಿ, ತೆಪ್ಪೇನು. ಹುಡುಗಾಟ ಬೇಡ, ನಾನು ನಿಮಗೋಸ್ಕರ ಮೇಲಿನವರ ಹತ್ತಿರ ಎಷ್ಟು ಮಾತಾಡಿದೀನಿ ಗೊತ್ತಾ, ಬೆಟ್ಟದ ತಪ್ಪಲಿನ ಗೋಶಾಲೆಯಲ್ಲಿ ಕೇಳಿದೀನಿ, ಕುದುರೇನೂ ಇಟ್ಟುಕೊಳ್ತಾರಂತೆ, ಚೆನ್ನಾಗಿ ನೋಡಿಕೊಳ್ತಾರೆ, ನೀವು ವಾರಕ್ಕೊಂದು ಸಲ ಹೋಗಿ ನೋಡಿಬರಬಹುದು — ಅಂದರು, ನಿಜವಾಗಿಯೂ ಒಳ್ಳೆಯ ಹೆಣ್ಣುಮಗಳು, ಕಣ್ಣಲ್ಲಿ ನೀರೂ ಇತ್ತೇನೋ, ಬೈದಿದ್ದರೆ ಚಿಕ್ಕಯ್ಯ ಇಡೀ ದಿನ ನಿಂತು ಉತ್ತರ ಕೊಡುತ್ತಿದ್ದ, ಇವರು ಬೈಯಲಿಲ್ಲ, ವಾರಕ್ಕೊಂದು ಸಲ, ಅರಮನೆಯ ಮುಂದೆ ಊರಿಗೆ ಬಂದವರನ್ನೆಲ್ಲ ಹತ್ತಿಸಿಕೊಂಡು ಗೆಜ್ಜೆ ಕುಣಿಸಿಕೊಂಡು ಹೋಗುವವಳು ಅಲ್ಲಿ ಮುದಿ ಹಸುಗಳ ನಡುವೆ ನಿಂತು ನೊಣ ಹೊಡೆಯುತ್ತಾಳೆ, ನಾನು ಇಲ್ಲಿ ಕಾರಿಲ್ಲದ ಕಾರಿನ ಶೆಡ್ಡಿನಲ್ಲಿ ಕುದುರೆಯಿಲ್ಲದ ಟಾಂಗಾದ ಮೇಲೆ ಕೂತು ಕಂತನ್ನು ಎಲ್ಲಿಂದ ತಂದು ಕಟ್ಟಲಿ, ಕಂತು ಕಟ್ಟದಿದ್ದರೆ ಈ ಮನೆ ಮತ್ತೆ ಬ್ಯಾಂಕಿಗೆ, ಮತ್ತೆ ಬಣ್ಣ, ಮತ್ತೆ ಚೀಟಿ, ನನ್ನ ಪಟದ ಚೌಕವೂ ಆ ಗೋಡೆಯಲ್ಲಿ ಒಂದು — ಇದನ್ನು ಹೇಳಬೇಕೆಂದುಕೊಂಡ, ಆದರೆ ಗಂಟಲಿಂದ ಬಂದದ್ದು ಇಷ್ಟೇ, ನಮ್ಗೆ ಮನೆ ಕೊಟ್ಟೋರು ನೀವು, ಮನೆ ಸಾಕೋಳು ಅವ್ಳು ಕಣವ್ವಾ, ಅವ್ಳನ್ನ ಕಳ್ಸುಬುಟ್ಟು ನಾವೆಂಗ್ ಇಲ್ಲಿರೋದು, ಆಕ್ಕಳ್ರಿ ಸೀಲು, ಉಸ್ರಾಡೋ ಮನೆಗೆ ಅದೆಂಗಾಕೀರೋ ಆಕಿ. ನಂಜಯ್ಯ ತಲೆ ಕೆರೆದುಕೊಂಡು, ಮೇಡಂ, ಒಳಗೆ ಜೀವ ಇದ್ದಾಗ ಹಾಕೋ ಹಾಗಿಲ್ಲ, ಅಂದ, ಆಹಾ ನಂಜಯ್ಯ, ನಿನ್ನ ಬಾಯಿಗೆ ಮೈಸೂರುಪಾಕು, ಮೇಡಂ ಮಾತ್ರ ಮೊಬೈಲು ತೆಗೆದರು, ಮೇಲಿನವರ ಜೊತೆ ಮಾತು, ಆಚೆ ತಿರುಗಿ, ಈಚೆ ತಿರುಗಿ, ಕೊನೆಗೆ, ಸರಿ ಸರ್, ಅಂದರು, ಆ ಸರಿ ಸರ್ ಚೆನ್ನಾಗಿರಲಿಲ್ಲ, ಚಿಕ್ಕಯ್ಯನವರೇ, ಕುದುರೆಯನ್ನು ಹೊರಗೆ ತೆಗೆಯೋರನ್ನ ಕಳಿಸ್ತಾರಂತೆ, ಅವರು ನನ್ನ ಹಾಗೆ ಕೇಳಲ್ಲ, ದಯವಿಟ್ಟು ನೀವೇ ಬನ್ನಿ, ನಂಜಯ್ಯ, ಬತ್ತಿ ಹಚ್ಚಿ. ಬತ್ತಿ ಹತ್ತಿತು. ಆಗ ಗೇಟಿನ ಹತ್ತಿರ ಏನೋ ಹಸಿರು.

ಬೋರಮ್ಮ, ಇಷ್ಟು ಬೇಗ, ಮಾರ್ಕೆಟ್ಟಿನಿಂದ ಇಷ್ಟು ಬೇಗ ಬಂದವಳೇ ಅಲ್ಲ, ಬುಟ್ಟಿ ತಲೆಯ ಮೇಲಿದೆ, ಬುಟ್ಟಿಯಲ್ಲಿ ಹೂವಿದ್ದರೆ ಬೆಳ್ಳಗೋ ಹಳದಿಯೋ ಕಾಣಬೇಕು, ಹಸಿರು ಯಾಕೆ ಕಾಣುತ್ತಿದೆ, ಚಿಕ್ಕಯ್ಯನ ಎದೆಯಲ್ಲಿ ನಾಲ್ಕು ಗೊರಸು ಒಟ್ಟಿಗೆ ಬಿದ್ದವು, ಬಂದಳು, ನೋಡುತ್ತಾಳೆ, ಪಡಸಾಲೆಯಲ್ಲಿ ಕುದುರೆ ನೋಡುತ್ತಾಳೆ, ಹೊಸ ಟೈಲ್ಸಿನ ಮೇಲೆ ಲದ್ದಿ ನೋಡುತ್ತಾಳೆ, ತಿರುಗಿ ಹೋಗುತ್ತಾಳೆ, ಲಷ್ಕರ್ ಮೊಹಲ್ಲಾಕ್ಕೆ, ಆ ನಲ್ಲಿಗೆ — ನೋಡಿದಳು, ಕಿಟಕಿಯಲ್ಲಿ ಅವನ ಮುಖ, ಅವನ ಹೆಗಲ ಮೇಲೆ ಚಿನ್ನಾಂಬೆಯ ಮುಖ, ಬೋರಮ್ಮನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ಮೇಡಂ, ಅಮ್ಮಾ ನೀವಾದರೂ ಹೇಳಿ ಇವರಿಗೆ, ನಿಮಗೆ ಮನೆ ಬೇಕಲ್ವಾ, ಅಂದರು, ಬೇಕವ್ವ, ಅಂದಳು, ಹಾಗಾದರೆ ಹೊರಗೆ ಬರೋಕೆ ಹೇಳಿ, ಅಂದರು, ಬೋರಮ್ಮ ಬುಟ್ಟಿ ಇಳಿಸಿದಳು, ನಂಜಯ್ಯನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿದಳು, ಸೀರೆ ಎತ್ತಿ ಕಟ್ಟಿ, ಬಾಗಿಲಿಗೆ ಬೆನ್ನು ಕೊಟ್ಟು, ಹೊಸಿಲ ಮೇಲೆ ಕೂತುಬಿಟ್ಟಳು. ಕಾಂಪೌಂಡಿನ ಆಚೆಯಿಂದ ಗಿರಿಜಾಂಬಾ, ಅಯ್ಯೋ ಹೊಸಿಲ ಮೇಲೆ ಕೂರಬಾರದು ಕಣೇ ಬೋರಮ್ಮ, ಮನೆಗೆ ಒಳ್ಳೆಯದಲ್ಲ, ಏಳೇ, ಅಂದರು, ಹುಟ್ಟಿದಾಗಿನಿಂದ ಹೊಸಿಲು ಮೆಟ್ಟದವಳು, ಅರಿಶಿನ ಕುಂಕುಮ ಹಚ್ಚದೆ ಬೆಳಗು ಮಾಡದವಳು, ಗಂಡ ಒಂದು ಸಲ ಹೊಸಿಲ ಮೇಲೆ ನಿಂತು ಸೀನಿದ್ದಕ್ಕೆ ತಿಂಗಳುಗಟ್ಟಲೆ ಬೈದವಳು, ಕೂತಲ್ಲಿಂದಲೇ ಕತ್ತೆತ್ತಿ, ನಂಗೊತ್ತು ಕಣ್ರವ್ವಾ, ಎಬ್ಬುಸ್ನೋಡಿ, ಅಂದಳು. ಮೆಲ್ಲಗೇ ಅಂದಳು. ಒಳಗೆ ಚಿಕ್ಕಯ್ಯನಿಗೆ ಬಾಗಿಲ ಹಲಗೆ ಅವಳ ಭಾರಕ್ಕೆ ಒಂದಿಷ್ಟು ಒಳಗೆ ಬಂದದ್ದು ಕಂಡಿತು, ಏನಾದರೂ ಹೇಳಬೇಕು, ಈಗ ಹೇಳಬೇಕು, ಮೈಸೂರನ್ನೇ ಮಾತಲ್ಲಿ ಕಟ್ಟಿ ಮಾತಲ್ಲಿ ಕೆಡವುವವನು, ಬಾಯಿ ತೆರೆದ, ಕುದ್ರೆ ಇರ್ಬೇಕು ಇಲ್ಲಾ ನಾನಿರ್ಬೇಕು ಅಂತ ನೀನ್ ಅಂದಿದ್ದೆ, ಅಂದ, ಹೊರಗಿನಿಂದ, ಅಂದಿದ್ದೆ, ನಾನ್ ಈಚೆ ಇವ್ನಿ, ಒಳಗವ್ಳೆ ಅವ್ಳು, ಬಾಯ್ಮುಚ್ಕೊಂಡ್ ಕಿಟ್ಕಿ ಬುಟ್ಟು ಅತ್ತಗ್ ಸರಿ, ಅಂತ ಬಂತು, ಸರಿದ, ನಂಜಯ್ಯನ ಕೈಯಲ್ಲಿ ಅರಗು ಕರಗಿ ಅವನ ಚಪ್ಪಲಿಯ ಮೇಲೆ ಕೆಂಪಗೆ ತೊಟ್ಟಿಕ್ಕುತ್ತಿದೆ, ಹಚ್ಚುವುದಕ್ಕೆ ಬಾಗಿಲಿಲ್ಲ, ಬಾಗಿಲಿರುವ ಕಡೆ ಬೋರಮ್ಮ, ಮೇಡಂ ಮೊಬೈಲನ್ನು ಕಿವಿಗೆ ಇಡುತ್ತಾರೆ, ತೆಗೆಯುತ್ತಾರೆ, ನಾಳೆ ಬರ್ತೀವಿ ಅನ್ನುತ್ತಾರೆ, ಬನ್ನಿ ಅನ್ನುತ್ತಾಳೆ, ಬರಲಿ, ಕುದುರೆ ತೆಗೆಯುವವರು ಬರಲಿ, ಆನೆ ತೆಗೆಯುವವರು ಬರಲಿ, ಅರಮನೆಯ ಫಿರಂಗಿಗಳನ್ನೆಲ್ಲ ಎಳಕೊಂಡು ಬರಲಿ, ನಾವು — ಕಿಟಕಿಯಲ್ಲಿ ಒಂದು ಕೈ, ಕೂತಲ್ಲಿಂದಲೇ ಓರೆಯಾಗಿ ಚಾಚಿದ ಕೈ, ಬಳೆ ಸರಳಿಗೆ ತಗುಲಿ ಸದ್ದು, ಕೈಯಲ್ಲಿ ಹುಲ್ಲು, ಹಸಿ ಹುಲ್ಲು, ಮಾರ್ಕೆಟ್ಟಿನ ಹೂವು ಬಿಟ್ಟು ಇದನ್ನು ಎಲ್ಲಿ ಕೊಯ್ದಳು, ಯಾವಾಗ ಕೊಯ್ದಳು, ಬೆಳಗ್ಗೆ ಹಾಗೆ ಅಂದು ಹೋದವಳು, ಕಟ್ಟು ದಪ್ಪ, ಸರಳಿನ ನಡುವೆ ಹಿಡಿಸುವುದಿಲ್ಲ, ಬಿಡಿಸುತ್ತಾಳೆ, ಒಂದು ಹಿಡಿ ತೂರಿಸುತ್ತಾಳೆ, ಚಿನ್ನಾಂಬೆ ತುಟಿ ಚಾಚುತ್ತಾಳೆ, ಎಳೆದುಕೊಳ್ಳುತ್ತಾಳೆ, ಮತ್ತೆ ಕೈ, ಮತ್ತೆ ಹುಲ್ಲು, ಸರಳುಗಳ ನಡುವೆ ಹಸಿರು, ಬೆರಳು, ತುಟಿ, ನಾವು ಎಂಥವರು ಅಂದರೆ — ಮತ್ತೆ ಕೈ, ಸರಳುಗಳ ನಡುವೆ ಹಸಿರು, ಹುಲ್ಲು.